ಪ್ರತಿ ಜನವರಿಯೂ ಹೊಸ ತಂಡ ಕೊಳ್ಳುವುದರಿಂದ ಮಿಶಿಗನ್ ಉದ್ಧಾರವಾಗುವುದಿಲ್ಲ: ರಿಕ್ರೂಟಿಂಗ್, ರೋಸ್ಟರ್, ಒಹಾಯೊ ಸ್ಟೇಟ್

ಹಳದಿ ನೀಲಿ, ಆನ್ ಆರ್ಬರ್

2025ರ ನವೆಂಬರ್ 29ರಂದು ಮಿಶಿಗನ್ ವಿಶ್ವವಿದ್ಯಾಲಯ ತನ್ನ ಹಳೆಯ ಎದುರಾಳಿ ಒಹಾಯೊ ಸ್ಟೇಟ್ ವಿರುದ್ಧ ಆಡಿದ ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನು ನಾನು ಇವತ್ತಿಗೂ ಎರಡನೆಯ ಬಾರಿ ನೋಡಿಲ್ಲ. ನಮ್ಮದೇ ಅಂಗಳ, ನಮ್ಮದೇ ಜನಸಾಗರ, ಮೊದಲ ಆರು ಅಂಕಗಳೂ ನಮ್ಮವೇ. ಆಟ ಮುಗಿದಾಗ ಒಹಾಯೊ ಸ್ಟೇಟ್ 27, ಮಿಶಿಗನ್ 9. ಇಡೀ ಪಂದ್ಯದಲ್ಲಿ ನಮಗೆ ಒಂದೂ ಟಚ್‌ಡೌನ್ ಸಿಗಲಿಲ್ಲ, ಅಂದರೆ ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಲು ಒಮ್ಮೆಯೂ ಆಗಲಿಲ್ಲ. 2021ರಿಂದ 2024ರವರೆಗೆ ನಾಲ್ಕು ವರ್ಷ ಸತತವಾಗಿ ಗೆದ್ದ ಮೇಲೆ ಒಂದು ಸೋಲನ್ನು ತಾಳಿಕೊಳ್ಳಬಹುದು. ತಾಳಿಕೊಳ್ಳಲಾಗದ್ದು ನಮ್ಮ ಲೈನ್, ಅಂದರೆ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಯನ್ನು ತಡೆಯುವವರು, ಅವರ ಲೈನಿನ ಮುಂದೆ ನಿಲ್ಲದೆ ಹೋದದ್ದು. ಮಿಶಿಗನ್ ಎಂದರೆ ಮೊದಲು ನೆನಪಾಗಬೇಕಾದ್ದೇ ಆ ಐದು ಜನ ದಪ್ಪ ಭುಜದ ಹುಡುಗರು.

ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯ ಮುಖ್ಯ ತರಬೇತುದಾರ ಶೆರೋನ್ ಮೂರ್ ಅವರನ್ನು ತೆಗೆದುಹಾಕಿತು. ಕಾರಣಗಳು ಮೈದಾನದ ಹೊರಗಿನವು, ಅವನ್ನು ಇಲ್ಲಿಗೆ ಎಳೆಯುವುದಿಲ್ಲ. ಯೂಟಾದಲ್ಲಿ 2005ರಿಂದ ಮುಖ್ಯ ತರಬೇತುದಾರರಾಗಿದ್ದ ಕೈಲ್ ವಿಟಿಂಗ್‌ಹ್ಯಾಮ್ ಬಂದರು. ಜನವರಿ 2ರಂದು ವರ್ಗಾವಣೆಯ ಪೋರ್ಟಲ್, ಅಂದರೆ ಬೇರೆ ಕಾಲೇಜಿಗೆ ಹೋಗಬಯಸುವ ಆಟಗಾರರು ಹೆಸರು ಕೊಡುವ ಪಟ್ಟಿ, ತೆರೆಯಿತು. ಆಮೇಲೆ ಎರಡು ವಾರ ನಮ್ಮ ಕನ್ನಡ ಬಳಗದಲ್ಲಿ ಬೇರೆ ಮಾತೇ ಇರಲಿಲ್ಲ. ಸಂಕ್ರಾಂತಿಯ ಎಳ್ಳು ಬೆಲ್ಲ ಹಂಚುವಾಗಲೂ ಅದೇ. ಯಾರು ಹೋದರು, ಯಾರು ಬರುತ್ತಾರೆ, ಯಾರಿಗೆ ಎಷ್ಟು ಕೊಡಬೇಕು. ಹಣ ಸುರಿದು ಒಂದೇ ಸಲಕ್ಕೆ ಇಪ್ಪತ್ತು ಜನರನ್ನು ತರಲಿ ಎಂದವರೇ ಹೆಚ್ಚು. ನಾನು ಒಪ್ಪುವುದಿಲ್ಲ. ಏಕೆಂದು ವಿವರವಾಗಿ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿ.

2021ರ ನವೆಂಬರ್ ನೆನಪಿಸಿಕೊಳ್ಳಿ. ಅದಕ್ಕೂ ಮೊದಲು ಒಹಾಯೊ ಸ್ಟೇಟ್ ವಿರುದ್ಧ ಸತತ ಎಂಟು ಸೋಲು. 2018ರಲ್ಲಿ 62-39, 2019ರಲ್ಲಿ 56-27. 2020ರಲ್ಲಿ ಕೋವಿಡ್‌ನಿಂದ ಪಂದ್ಯವೇ ನಡೆಯಲಿಲ್ಲ. ಅಂದು ಹಿಮ ಬೀಳುತ್ತಿತ್ತು, ನಾನು ನಮ್ಮ ಕ್ರೀಡಾಂಗಣದಲ್ಲೇ ಇದ್ದೆ. ಓಟದಲ್ಲೇ 297 ಗಜ ಗಳಿಸಿದೆವು. ಹಸನ್ ಹ್ಯಾಸ್ಕಿನ್ಸ್ ಒಬ್ಬನೇ ಐದು ಟಚ್‌ಡೌನ್ ಹೊಡೆದ. 42-27. ಪಕ್ಕದ ಆಸನದಲ್ಲಿದ್ದ ಅಪರಿಚಿತ ಮುದುಕರೊಬ್ಬರು ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟರು.

ಆ ಹ್ಯಾಸ್ಕಿನ್ಸ್ ಶಾಲೆ ಮುಗಿಸುವಾಗ ಮೂರು ನಕ್ಷತ್ರದ ಆಟಗಾರ (ಶಾಲಾ ಆಟಗಾರರಿಗೆ ಐದರವರೆಗೆ ನಕ್ಷತ್ರ ಕೊಟ್ಟು ಅಳೆಯುತ್ತಾರೆ). ಅದೇ ಪಂದ್ಯದಲ್ಲಿ ಅವರ ಕ್ವಾರ್ಟರ್‌ಬ್ಯಾಕನ್ನು, ಅಂದರೆ ಚೆಂಡು ಎಸೆದು ಆಟ ನಡೆಸುವವನನ್ನು, ಮೂರು ಬಾರಿ ಕೆಡವಿದ ಏಡನ್ ಹಚಿನ್ಸನ್ ಇಲ್ಲಿಗೆ ಹತ್ತಿರದ ಪ್ಲಿಮತ್ತಿನವನು. ಅವನ ತಂದೆಯೂ ಮಿಶಿಗನ್ ಪರ ಆಡಿದವರು. ಹಿಂದಿನ ವರ್ಷ ಗಾಯವಾದಾಗ ಇನ್ನೊಂದು ವರ್ಷ ಆಡಿಯೇ ಹೋಗುತ್ತೇನೆಂದು ಉಳಿದವನು. ಮೈಕ್ ಸೇನ್ರಿಸ್ಟಿಲ್ ಹೈಟಿಯಲ್ಲಿ ಹುಟ್ಟಿ ಮ್ಯಾಸಚೂಸೆಟ್ಸ್‌ನಲ್ಲಿ ಬೆಳೆದ, ಅವನದೂ ಮೂರೇ ನಕ್ಷತ್ರ. ಮೊದಲ ವರ್ಷಗಳಲ್ಲಿ ಎಸೆದ ಚೆಂಡು ಹಿಡಿಯುವ ರಿಸೀವರ್ ಆಗಿದ್ದ. ತಂಡಕ್ಕೆ ಬೇಕೆಂದಾಗ ಡಿಫೆನ್ಸ್‌ಗೆ ಹೋಗಿ ಹೊಸದಾಗಿ ಕಲಿತ, ನಾಯಕನಾದ, 2024ರ ಜನವರಿ 8ರಂದು ಹ್ಯೂಸ್ಟನ್‌ನಲ್ಲಿ ವಾಷಿಂಗ್ಟನ್ ವಿರುದ್ಧ ನಡೆದ ರಾಷ್ಟ್ರೀಯ ಫೈನಲ್‌ನಲ್ಲಿ ಚೆಂಡು ಕಸಿದು 81 ಗಜ ಓಡಿದ. ಇಂಥ ಹುಡುಗನನ್ನು ಯಾವ ಪೋರ್ಟಲ್‌ನಲ್ಲಿ ಹುಡುಕುತ್ತೀರಿ?

2023ರ ಒಹಾಯೊ ಪಂದ್ಯದಲ್ಲಿ ನಮ್ಮ ಲೈನಿನ ಝ್ಯಾಕ್ ಝಿಂಟರ್‌ನ ಕಾಲು ಮುರಿಯಿತು. ಗಾಡಿಯಲ್ಲಿ ಮಲಗಿಸಿ ಕರೆದೊಯ್ದರು. ಮರು ಆಟದಲ್ಲೇ ಬ್ಲೇಕ್ ಕೋರಮ್ 22 ಗಜ ಓಡಿ ಟಚ್‌ಡೌನ್ ಮಾಡಿ, ಬೆರಳುಗಳಲ್ಲಿ 65 ಎಂದು ಗೆಳೆಯನ ಅಂಗಿಯ ಸಂಖ್ಯೆ ತೋರಿಸಿದ. ಇಬ್ಬರೂ ಹಿಂದಿನ ವರ್ಷವೇ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೋಗಬಹುದಿತ್ತು, ಹೋಗಿರಲಿಲ್ಲ. ಬೋ ಶೆಂಬೆಕ್ಲರ್ 1969ರಲ್ಲಿ ತರಬೇತುದಾರರಾಗಿ ಬಂದ ಹೊಸತರಲ್ಲಿ, ಕಠಿಣ ಅಭ್ಯಾಸ ತಾಳಲಾರದೆ ಆಟಗಾರರು ಬಿಟ್ಟುಹೋಗುತ್ತಿದ್ದಾಗ, ಉಳಿದವರು ಚಾಂಪಿಯನ್ನರಾಗುತ್ತಾರೆ ಎಂದು ಬರೆಸಿ ತೂಗುಹಾಕಿದರು. ಆ ವರ್ಷವೇ ಒಹಾಯೊವನ್ನು 24-12ರಿಂದ ಸೋಲಿಸಿದರು. ನನಗೆ ಅದು ಬರೀ ಗೋಡೆಬರಹವಲ್ಲ, ತಂಡ ಕಟ್ಟುವ ವಿಧಾನ.

ಹೊರಗಿನವರು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. 2022ರಲ್ಲಿ ವರ್ಜೀನಿಯಾದಿಂದ ಬಂದ ಓಲು ಓಲುವಾಟಿಮಿ ಒಂದೇ ವರ್ಷ ಸೆಂಟರ್ (ಲೈನಿನ ನಡುವಿನವನು) ಆಡಿ ಔಟ್‌ಲ್ಯಾಂಡ್, ರಿಮಿಂಗ್ಟನ್ ಎರಡೂ ಪ್ರಶಸ್ತಿ ಗೆದ್ದ. ಆದರೆ ಅವನು ಬಂದದ್ದು ಆಗಲೇ ಗಟ್ಟಿಯಾಗಿದ್ದ ಲೈನಿಗೆ. ಹಿಂದಿನ ವರ್ಷವೇ ಅದು ದೇಶದ ಅತ್ಯುತ್ತಮ ಲೈನಿಗೆ ಕೊಡುವ ಜೋ ಮೂರ್ ಪ್ರಶಸ್ತಿ ಪಡೆದಿತ್ತು. ಗೋಡೆಯಲ್ಲಿ ಒಂದು ಕಲ್ಲು ಬಿದ್ದಲ್ಲಿ ಇನ್ನೊಂದನ್ನು ಇಟ್ಟರು. ಗೋಡೆಯನ್ನೇ ಪ್ರತಿ ವರ್ಷ ಕೆಡವಿ ಕಟ್ಟಿದರೆ ಸುಣ್ಣ ಒಣಗುವುದು ಯಾವಾಗ?

ನನ್ನ ಬೇಡಿಕೆ ಇಷ್ಟೇ. ಲೈನ್‌ಮನ್‌ಗಳನ್ನು ಶಾಲೆಯಿಂದಲೇ ತನ್ನಿ, ಮೂರು ವರ್ಷ ಬೆಳೆಸಿ. ಬೆಲ್‌ವಿಲ್‌ನ ಬ್ರೈಸ್ ಅಂಡರ್‌ವುಡ್ ದೇಶದ ಮೊದಲ ಸ್ಥಾನದ ಹುಡುಗ, ಲೂಯಿಸಿಯಾನಾದ ಎಲ್‌ಎಸ್‌ಯು ವಿಶ್ವವಿದ್ಯಾಲಯಕ್ಕೆ ಮಾತು ಕೊಟ್ಟಿದ್ದವನನ್ನು 2024ರ ನವೆಂಬರ್‌ನಲ್ಲಿ ನಮ್ಮ ಕಡೆ ತಿರುಗಿಸಿಕೊಂಡೆವು. ದೊಡ್ಡ ಹಣವೇ ಬಿದ್ದಿತು ಎಂದು ವರದಿಯಾಯಿತು. ಕೊಡಲಿ. ಅವನ ಮನೆಯಿಂದ ನಮ್ಮ ಕ್ರೀಡಾಂಗಣಕ್ಕೆ ಅರ್ಧ ಗಂಟೆಯ ದಾರಿ. ಆದರೆ ಅವನ ಮುಂದೆ ನಿಲ್ಲುವ ಐವರು ಪ್ರತಿ ಸೆಪ್ಟೆಂಬರ್‌ನಲ್ಲಿ ಪರಸ್ಪರ ಹೆಸರು ಕೇಳಿಕೊಳ್ಳುವವರಾದರೆ ಆ ಹಣವೆಲ್ಲ ನೀರಿನಲ್ಲಿ ಹೋಮ.

ಕೊಲಂಬಸ್ ಕನ್ನಡಿಗ

ನಮಸ್ಕಾರ ಸರ್. ನಾನು ಕೆಂಪು ಬೂದು ಬಣ್ಣದವನು, ಅಂದರೆ ಒಹಾಯೊ ಸ್ಟೇಟ್ ಕಡೆಯವನು. ಆದರೂ ನಿಮ್ಮ ಮಾತಿನ ಅರ್ಧಕ್ಕಿಂತ ಹೆಚ್ಚನ್ನು ಒಪ್ಪುತ್ತೇನೆ. ಸಾಕ್ಷಿ ನಮ್ಮಲ್ಲೇ ಇದೆ.

2024ರ ನವೆಂಬರ್ 30 ನಮ್ಮ ಮನೆಯಲ್ಲಿ ಸೂತಕದ ದಿನದಂತಿತ್ತು. ರ‍್ಯಾಂಕಿಂಗ್‌ನಲ್ಲೇ ಇಲ್ಲದ ನಿಮ್ಮ ತಂಡ ನಮ್ಮ ಅಂಗಳಕ್ಕೆ ಬಂದು 13-10ರಿಂದ ಗೆದ್ದು, ನಡು ಮೈದಾನದಲ್ಲಿ ಬಾವುಟ ನೆಡಲು ಹೋಗಿ, ಹೊಡೆದಾಟವಾಗಿ, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆಯಬೇಕಾಯಿತು. ಆ ರಾತ್ರಿ ನಾನು ಊಟ ಮಾಡಲಿಲ್ಲ. ಎರಡು ತಿಂಗಳೊಳಗೆ ಅದೇ ತಂಡ ಅಟ್ಲಾಂಟಾದಲ್ಲಿ ನೋಟ್ರ ಡೇಮ್ ವಿರುದ್ಧ 34-23ರಿಂದ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು.

ಅದು ಇಪ್ಪತ್ತು ಮಿಲಿಯನ್ ಡಾಲರ್ ತಂಡ ಎಂದು ಎಲ್ಲರೂ ಹಂಗಿಸುತ್ತಾರೆ. ಆ ಅಂಕಿಯನ್ನು ಹೇಳಿದವರು ನಮ್ಮ ಕ್ರೀಡಾ ನಿರ್ದೇಶಕರೇ. ಹೌದು, ಕ್ವಾರ್ಟರ್‌ಬ್ಯಾಕ್ ವಿಲ್ ಹವರ್ಡ್ ಕ್ಯಾನ್ಸಸ್ ಸ್ಟೇಟ್‌ನಿಂದ ಬಂದ, ಕೇಲಬ್ ಡೌನ್ಸ್ ಅಲಬಾಮಾದಿಂದ, ಕ್ವಿನ್‌ಶಾನ್ ಜಡ್ಕಿನ್ಸ್ ಮಿಸಿಸಿಪಿಯಿಂದ. ಆದರೆ ಆ ಹಣದ ಬಹುಭಾಗ ಹೋದದ್ದು ಇದ್ದವರನ್ನು ಉಳಿಸಿಕೊಳ್ಳಲು ಎಂಬುದು ನನ್ನ ತಿಳಿವಳಿಕೆ. ಎಮೆಕಾ ಎಗ್ಬುಕಾ, ಟ್ರೆವಿಯಾನ್ ಹೆಂಡರ್ಸನ್, ಜೆ.ಟಿ. ಟುಯಿಮೊಲೊವಾ, ಡೆನ್ಜೆಲ್ ಬರ್ಕ್, ಜಾಕ್ ಸಾಯರ್, ಇವರೆಲ್ಲ ಎನ್‌ಎಫ್‌ಎಲ್ ಬಾಗಿಲು ತೆರೆದಿದ್ದರೂ ಇನ್ನೊಂದು ವರ್ಷ ಉಳಿದರು.

ಸಾಯರ್‌ನ ಕತೆಯನ್ನು ಹೇಳಲೇಬೇಕು. ಕೊಲಂಬಸ್ ಪಕ್ಕದ ಪಿಕರಿಂಗ್ಟನ್ ಹುಡುಗ, ಐದು ನಕ್ಷತ್ರ. 2021ರಲ್ಲಿ ಅವನ ಕೋಣೆಯ ಸಂಗಾತಿ ಕ್ವಿನ್ ಯೂವರ್ಸ್, ಅವನೂ ಐದು ನಕ್ಷತ್ರದ ಕ್ವಾರ್ಟರ್‌ಬ್ಯಾಕ್. ಯೂವರ್ಸ್ ಒಂದೇ ಸೀಸನ್ ಇದ್ದು ಟೆಕ್ಸಸ್‌ಗೆ ಹೊರಟ. ಸಾಯರ್ ನಾಲ್ಕು ವರ್ಷ ಇದ್ದು ನಾಲ್ಕು ವರ್ಷವೂ ಮಿಶಿಗನ್‌ಗೆ ಸೋತ. 2025ರ ಜನವರಿ 10ರಂದು ಕಾಟನ್ ಬೌಲ್ ಸೆಮಿಫೈನಲ್‌ನಲ್ಲಿ ಟೆಕ್ಸಸ್ ನಮ್ಮ ಗೋಲ್ ಗೆರೆಯ ಹತ್ತಿರ ಬಂದಿತ್ತು, ಪಂದ್ಯ ಸಮವಾಗುವುದರಲ್ಲಿತ್ತು. ಆಗ ಸಾಯರ್ ಅದೇ ಹಳೆಯ ಸಂಗಾತಿಯ ಕೈಯಿಂದ ಚೆಂಡು ಕಿತ್ತುಕೊಂಡು 83 ಗಜ ಓಡಿದ. ಇಷ್ಟು ವರ್ಷಗಳಲ್ಲಿ ನಾನು ಟಿವಿಯ ಮುಂದೆ ಎದ್ದು ನಿಂತು ಕೂಗಿದ್ದು ಅದೊಂದೇ ಬಾರಿ. ಮಲಗಿದ್ದ ಮಗು ಎಚ್ಚರವಾಯಿತು.

ಒಂದು ಮಾತು ಮಾತ್ರ ಬಿಟ್ಟುಬಿಟ್ಟಿರಿ ಸರ್. ನಿಮ್ಮ 2021ರಿಂದ 2023ರವರೆಗಿನ ಗೆಲುವುಗಳ ಬಗ್ಗೆ ಬರೆಯುವಾಗ ನಿಮ್ಮ ತಂಡದ ಸಿಬ್ಬಂದಿ ಕಾನರ್ ಸ್ಟಾಲಿಯನ್ಸ್ ಎಂಬ ಹೆಸರು ಬರಬೇಕಿತ್ತು. ಎದುರಾಳಿಗಳ ಪಂದ್ಯಗಳಿಗೆ ಜನರನ್ನು ಕಳುಹಿಸಿ ಸನ್ನೆಗಳನ್ನು ಚಿತ್ರೀಕರಿಸಿದ್ದು ನಿಯಮಬಾಹಿರ. ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ 2025ರ ಆಗಸ್ಟ್‌ನಲ್ಲಿ ನಿಮಗೆ ಭಾರೀ ದಂಡ ಹಾಕಿದೆ, ಆಗಿನ ನಿಮ್ಮ ತರಬೇತುದಾರ ಜಿಮ್ ಹಾರ್ಬಾ ಅವರಿಗೆ ಹತ್ತು ವರ್ಷದ ನಿರ್ಬಂಧ ವಿಧಿಸಿದೆ. ನಮ್ಮವರಿಗೆ ಆ ಗಾಯ ಮಾಗಿಲ್ಲ.

ಹಳದಿ ನೀಲಿ, ಆನ್ ಆರ್ಬರ್

ಬಿಟ್ಟದ್ದು ತಪ್ಪು, ಒಪ್ಪಿದೆ. ಸ್ಟಾಲಿಯನ್ಸ್ ಮಾಡಿದ್ದು ಸರಿಯಲ್ಲ, ಅದನ್ನು ತಡೆಯದವರದೂ ತಪ್ಪು. ದಂಡ ಕಟ್ಟಬೇಕಾದ್ದೇ. ಆದರೆ 2023ರ ನವೆಂಬರ್ ಪಂದ್ಯದ ವೇಳೆಗೆ ಅವನು ರಾಜೀನಾಮೆ ಕೊಟ್ಟಾಗಿತ್ತು, ಹಾರ್ಬಾ ಅಮಾನತಿನಲ್ಲಿದ್ದರು, ಮೈದಾನದ ಅಂಚಿನಲ್ಲಿ ನಿಂತು ತಂಡ ನಡೆಸಿದವರು ಶೆರೋನ್ ಮೂರ್. ಆಗಲೂ 30-24ರಿಂದ ಗೆದ್ದೆವು. 2024ರಲ್ಲೂ ಗೆದ್ದೆವು. ಆ ನಾಲ್ಕನ್ನೂ ಒಂದೇ ಕಾರಣಕ್ಕೆ ಕಟ್ಟಿಹಾಕಬೇಡಿ. ನಿಮ್ಮ ತರಬೇತುದಾರ ಜಿಮ್ ಟ್ರೆಸೆಲ್ ಕಾಲದಲ್ಲಿ ನಿಮ್ಮ ಆಟಗಾರರು ಪದಕ, ಅಂಗಿಗಳನ್ನು ಕೊಟ್ಟು ಹಚ್ಚೆ ಹಾಕಿಸಿಕೊಂಡ ಪ್ರಕರಣದಿಂದ 2010ರ ಗೆಲುವುಗಳು ದಾಖಲೆಯಿಂದ ಅಳಿದವು. ಹಾಗೆಂದು ಟ್ರೆಸೆಲ್ ನಮ್ಮನ್ನು ವರ್ಷ ವರ್ಷ ಸೋಲಿಸಿದ್ದು ಹಚ್ಚೆಯಿಂದ ಎಂದು ನಾನು ಎಂದೂ ಹೇಳಿಲ್ಲ. ಅವರ ತಂಡ ನಮ್ಮದಕ್ಕಿಂತ ಚೆನ್ನಾಗಿತ್ತು.

ಸಾಯರ್‌ನ ವಿಷಯ ಬರೆದದ್ದಕ್ಕೆ ವಂದನೆ. ಇಂಥ ಹುಡುಗ ಎದುರಾಳಿ ತಂಡದಲ್ಲಿದ್ದರೂ ಗೌರವ ಬರುತ್ತದೆ.

ಅಂಕಿಅಂಶದವನು, ಷಿಕಾಗೊ

ಭಾವನೆ ಸರಿ, ಆದರೆ ಮೂರು ನಕ್ಷತ್ರದ ಇಬ್ಬರನ್ನು ತೋರಿಸಿ ನಕ್ಷತ್ರಗಳಿಗೆ ಬೆಲೆಯೇ ಇಲ್ಲವೆಂಬಂತೆ ಓದಿಸಿಕೊಳ್ಳುತ್ತದೆ, ಅದು ಸರಿಯಲ್ಲ. ಐದು ನಕ್ಷತ್ರ ಸಿಗುವುದು ಇಡೀ ದೇಶದಲ್ಲಿ ವರ್ಷಕ್ಕೆ ಸುಮಾರು ಮೂವತ್ತು ಹುಡುಗರಿಗೆ. ಸಾವಿರಾರು ಜನರಲ್ಲಿ ಆ ಮೂವತ್ತು. ಮೂರು ನಕ್ಷತ್ರದವರು ಲೆಕ್ಕವಿಲ್ಲದಷ್ಟು. ಹಾಗಾಗಿ ಅವರಲ್ಲಿ ಕೆಲವರು ಮಿಂಚುವುದು ಸಹಜ. ಪ್ರತಿ ನೂರಕ್ಕೆ ಎಷ್ಟು ಎಂದು ನೋಡಿದರೆ ಐದು ನಕ್ಷತ್ರದವರು ಬಹಳ ಮುಂದೆ. ಜೆ.ಜೆ. ಮೆಕಾರ್ಥಿ ಐದು ನಕ್ಷತ್ರದವನು, ನಿಮ್ಮ 2023ರ ಕ್ವಾರ್ಟರ್‌ಬ್ಯಾಕ್. ಅವನಿಲ್ಲದೆ 15-0 (ಹದಿನೈದು ಗೆಲುವು, ಸೋಲೇ ಇಲ್ಲ) ಆಗುತ್ತಿತ್ತೇ?

ಬಹಳ ವರ್ಷ ಒಂದು ಸೂತ್ರ ತಪ್ಪಿರಲಿಲ್ಲ: ಶಾಲೆಯಿಂದ ಸೇರಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಾಲ್ಕು ಅಥವಾ ಐದು ನಕ್ಷತ್ರದವರಾಗಿರದ ಯಾವ ತಂಡವೂ ರಾಷ್ಟ್ರೀಯ ಪ್ರಶಸ್ತಿ ಗೆದ್ದಿರಲಿಲ್ಲ. ನಿಮ್ಮ ಮಿಶಿಗನ್ ಕೂಡ ಆ ಗೆರೆಯನ್ನು ದಾಟಿತ್ತು. 2026ರ ಜನವರಿಯಲ್ಲಿ ಇಂಡಿಯಾನಾ ಆ ಸೂತ್ರವನ್ನು ಮುರಿಯಿತು. ಆ ಗೆರೆಯ ಹತ್ತಿರಕ್ಕೂ ಬಾರದ ತಂಡ, 16-0, ಫೈನಲ್‌ನಲ್ಲಿ ಮಯಾಮಿ ವಿರುದ್ಧ 27-21. ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಝ ಕ್ಯಾಲಿಫೋರ್ನಿಯಾದಿಂದ ಬಂದ ಮೊದಲ ವರ್ಷದಲ್ಲೇ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದ. ಪೋರ್ಟಲ್‌ನಿಂದ ಕಟ್ಟಿದ ತಂಡವೇ ಈಗ ಚಾಂಪಿಯನ್. ನಿಮ್ಮ ವಾದಕ್ಕೆ ಇದು ನೇರ ಉತ್ತರವಲ್ಲವೇ?

ಹಳದಿ ನೀಲಿ, ಆನ್ ಆರ್ಬರ್

ಒಳ್ಳೆಯ ಪ್ರಶ್ನೆ. ಇದರ ಬಗ್ಗೆ ನಾನೂ ಬಹಳ ಯೋಚಿಸಿದ್ದೇನೆ. ಇಂಡಿಯಾನಾದ ಏಡನ್ ಫಿಶರ್, ಡಿ'ಆಂಜೆಲೊ ಪಾಂಡ್ಸ್, ಎಲೈಜಾ ಸ್ಯಾರಟ್, ಮಿಕೇಲ್ ಕಮಾರಾ ಎಲ್ಲಿಂದ ಬಂದರು? ಜೇಮ್ಸ್ ಮ್ಯಾಡಿಸನ್‌ನಿಂದ, ತರಬೇತುದಾರ ಕರ್ಟ್ ಸಿಗ್ನೆಟಿ ಅವರ ಜೊತೆಯಲ್ಲೇ. ಅವರು ಬದಲಿಸಿದ್ದು ಅಂಗಿಯನ್ನು, ಗುರುವನ್ನಲ್ಲ. 2024ರಲ್ಲಿ ಒಟ್ಟಿಗೆ ಬಂದರು, 2025ರಲ್ಲೂ ಒಟ್ಟಿಗೆ ಇದ್ದರು. ಅದೊಂದು ಒಟ್ಟು ಕುಟುಂಬ ಗಂಟುಮೂಟೆ ಕಟ್ಟಿಕೊಂಡು ಬೇರೆ ಮನೆಗೆ ಹೋದ ಹಾಗೆ. ನಾನು ವಿರೋಧಿಸುತ್ತಿರುವುದು ಹನ್ನೆರಡು ಊರುಗಳಿಂದ ಹನ್ನೆರಡು ಜನರನ್ನು ಬೆಲೆ ನೋಡಿ ಆರಿಸಿ ತರುವುದನ್ನು.

ನಕ್ಷತ್ರಗಳ ವಿಷಯದಲ್ಲಿ ನೀವು ಹೇಳಿದ್ದು ಸರಿ. ನನ್ನ ಬರಹ ಆ ಕಡೆ ವಾಲಿತ್ತು.

ಹಸಿರು ಬಿಳಿ, ಈಸ್ಟ್ ಲ್ಯಾನ್ಸಿಂಗ್

ಮಿಶಿಗನ್ ಸ್ಟೇಟ್ ಕಡೆಯಿಂದ ಒಂದು ಪಾಠ. 2021ರಲ್ಲಿ ಕೆನೆತ್ ವಾಕರ್ ವೇಕ್ ಫಾರೆಸ್ಟ್‌ನಿಂದ ನಮ್ಮಲ್ಲಿಗೆ ಬಂದ. ನಿಮ್ಮ ಅದೇ ಮಹಾ ತಂಡದ ವಿರುದ್ಧ 197 ಗಜ, ಐದು ಟಚ್‌ಡೌನ್, 37-33. ಆ ವರ್ಷ 11-2. ಎಲ್ಲರೂ ನಮ್ಮನ್ನು ಪೋರ್ಟಲ್‌ನ ಮಾದರಿ ಎಂದರು, ತರಬೇತುದಾರರಿಗೆ ಹತ್ತು ವರ್ಷಕ್ಕೆ 95 ಮಿಲಿಯನ್ ಡಾಲರ್ ಒಪ್ಪಂದವಾಯಿತು. ವಾಕರ್ ಒಂದೇ ವರ್ಷ ಆಡಿ ಎನ್‌ಎಫ್‌ಎಲ್‌ಗೆ ಹೋದ. ಮರುವರ್ಷ 5-7. ಆ ಒಂದು ಮಧ್ಯಾಹ್ನದ ಸಂತೋಷವನ್ನು ನಾನು ಯಾವುದಕ್ಕೂ ಬದಲಿಸುವುದಿಲ್ಲ. ಆದರೆ ಅದರ ಮೇಲೆ ಮನೆ ಕಟ್ಟಲು ಹೋಗಿ ನಾವು ಇನ್ನೂ ಎದ್ದಿಲ್ಲ.

ಬಸವನಗುಡಿ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಿಂದ ಓದುತ್ತಿದ್ದೇನೆ. ಎನ್‌ಎಫ್‌ಎಲ್ ಸ್ವಲ್ಪ ನೋಡುತ್ತೇನೆ, ಕಾಲೇಜು ಆಟ ಅರ್ಥವಾಗುವುದಿಲ್ಲ. ವಿದ್ಯಾರ್ಥಿಗಳ ಪಂದ್ಯಕ್ಕೆ ಇಷ್ಟು ಹಣ, ಇಷ್ಟು ಸಿಟ್ಟು ಏಕೆ? ಇದು ಐಪಿಎಲ್ ಹರಾಜಿನಂತೆಯೇ? ಮತ್ತೆ ಈ ಎರಡು ರಾಜ್ಯಗಳ ಜಗಳದ ಮೂಲವೇನು?

ಅಂಕಿಅಂಶದವನು, ಷಿಕಾಗೊ

ಹಣದ ಕತೆ ಚಿಕ್ಕದಾಗಿ. ಮೊದಲು ಆಟಗಾರನಿಗೆ ಸಿಗುತ್ತಿದ್ದುದು ಮುಖ್ಯವಾಗಿ ವಿದ್ಯಾರ್ಥಿವೇತನ. 2021ರ ಜುಲೈ 1ರಿಂದ ತನ್ನ ಹೆಸರು, ಚಿತ್ರ, ಗುರುತನ್ನು ಬಳಸಿ ಹಣ ಗಳಿಸಲು ಅನುಮತಿ ಸಿಕ್ಕಿತು. ಅದಕ್ಕೆ ಎನ್‌ಐಎಲ್ ಎನ್ನುತ್ತಾರೆ. ಅದೇ ವರ್ಷ, ಒಂದು ವರ್ಷ ಹೊರಗೆ ಕೂರದೆ ಬೇರೆ ಕಾಲೇಜಿಗೆ ಹೋಗುವ ಅವಕಾಶವೂ ಬಂತು. ಇವೆರಡೂ ಸೇರಿದಾಗ ಮಾರುಕಟ್ಟೆ ಹುಟ್ಟಿತು. 2025ರ ಜೂನ್‌ನಲ್ಲಿ ಆಟಗಾರರು ಹೂಡಿದ್ದ ಹೌಸ್ ಪ್ರಕರಣದ ಒಪ್ಪಂದಕ್ಕೆ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿಗೆ ಕೊಟ್ಟ ಮೇಲೆ ವಿಶ್ವವಿದ್ಯಾಲಯವೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಎಲ್ಲ ಕ್ರೀಡೆಗಳಿಗೂ ಸೇರಿ ಸುಮಾರು 20.5 ಮಿಲಿಯನ್ ಡಾಲರ್. ಐಪಿಎಲ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ: ಅಲ್ಲಿ ಹರಾಜು ಎಲ್ಲರ ಕಣ್ಣೆದುರು ನಡೆಯುತ್ತದೆ, ಬೆಲೆ ಎಲ್ಲರಿಗೂ ಗೊತ್ತು. ಇಲ್ಲಿ ಬೆಲೆ ಎಂದರೆ ಬಹುತೇಕ ವದಂತಿ.

ಕೊಲಂಬಸ್ ಕನ್ನಡಿಗ

ಜಗಳದ ಮೂಲ ನಾನು ಹೇಳುತ್ತೇನೆ. 1835ರಲ್ಲಿ ಟೊಲೆಡೊ ಊರಿನ ಪಟ್ಟಿ ಯಾರಿಗೆ ಸೇರಬೇಕೆಂದು ಒಹಾಯೊ ರಾಜ್ಯವೂ ಆಗಿನ್ನೂ ರಾಜ್ಯವಾಗಿರದ ಮಿಶಿಗನ್ ಪ್ರಾಂತ್ಯವೂ ಗಡಿಯಲ್ಲಿ ಪಡೆ ಜಮಾಯಿಸಿದವು. ಕೊನೆಗೆ ಟೊಲೆಡೊ ಒಹಾಯೊಗೆ ಬಂತು, ಮಿಶಿಗನ್‌ಗೆ ಉತ್ತರದ ಪರ್ಯಾಯದ್ವೀಪ ಸಿಕ್ಕಿತು, 1837ರಲ್ಲಿ ಅದು ರಾಜ್ಯವಾಯಿತು. ನಾನು ಬೆಳಗಾವಿಯಲ್ಲಿ ಬೆಳೆದವನು. ಗಡಿಯ ಮಾತು ಮನೆಮನೆಯ ಮಾತಾಗುವುದು ಹೇಗೆಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಫುಟ್‌ಬಾಲ್‌ನಲ್ಲಿ ಮೊದಲ ಭೇಟಿ 1897ರಲ್ಲಿ. ಈಗಲೂ ಪಂದ್ಯದ ವಾರದಲ್ಲಿ ನಮ್ಮ ಕ್ಯಾಂಪಸ್‌ನ ಫಲಕಗಳಲ್ಲಿರುವ ಎಂ ಅಕ್ಷರಗಳ ಮೇಲೆಲ್ಲ ಕೆಂಪು ಪಟ್ಟಿ ಅಂಟಿಸುತ್ತಾರೆ. ನಮ್ಮ ಜನರಿಗೆ ನಿಜವಾಗಿ ಉರಿಯುವುದು ಇನ್ನೊಂದು: ಒಹಾಯೊದ ಹುಡುಗರು ಗಡಿ ದಾಟಿ ಅಲ್ಲಿಗೆ ಹೋಗುವುದು. 1991ರಲ್ಲಿ ಹೈಸ್‌ಮನ್ ಗೆದ್ದ ಡೆಸ್ಮಂಡ್ ಹವರ್ಡ್ ಕ್ಲೀವ್‌ಲ್ಯಾಂಡಿನವನು. ನಮ್ಮ ವಿರುದ್ಧವೇ ಪಂಟ್, ಅಂದರೆ ನಾವು ದೂರಕ್ಕೆ ಒದ್ದ ಚೆಂಡು, ಹಿಡಿದು 93 ಗಜ ಹಿಂದಕ್ಕೆ ಓಡಿ, ಆ ಪ್ರಶಸ್ತಿ ಪ್ರತಿಮೆಯ ಭಂಗಿಯಲ್ಲಿ ನಿಂತ. 1997ರ ಚಾರ್ಲ್ಸ್ ವುಡ್ಸನ್ ಫ್ರೀಮಾಂಟಿನವನು. ಬೋ ಶೆಂಬೆಕ್ಲರ್ ಹುಟ್ಟಿದ್ದೇ ಒಹಾಯೊದ ಬಾರ್ಬರ್ಟನ್‌ನಲ್ಲಿ. ನಮ್ಮ ಹಿತ್ತಲಿನ ಗಿಡ ಪಕ್ಕದ ಮನೆಯಲ್ಲಿ ಹೂ ಬಿಟ್ಟಂತೆ.

ಹಳದಿ ನೀಲಿ, ಆನ್ ಆರ್ಬರ್

ಬಸವನಗುಡಿಯವರೇ, ಸಿಟ್ಟು ಏಕೆ ಎಂದು ಕೇಳಿದಿರಿ. ಆನ್ ಆರ್ಬರ್ ಸುಮಾರು 1 ಲಕ್ಷ 24 ಸಾವಿರ ಜನರ ಊರು. ಕ್ರೀಡಾಂಗಣದ ಆಸನಗಳು 1,07,601. ನಿಮ್ಮ ಚಿನ್ನಸ್ವಾಮಿಯ ಎರಡೂವರೆ ಪಟ್ಟಿಗೂ ಹೆಚ್ಚು. ಬಹುಭಾಗ ನೆಲದಿಂದ ಕೆಳಕ್ಕೆ ಇಳಿದಿರುವುದರಿಂದ ರಸ್ತೆಯಿಂದ ನೋಡಿದರೆ ಅಷ್ಟು ದೊಡ್ಡದೆಂದು ಅನ್ನಿಸುವುದೇ ಇಲ್ಲ. ಬಾಗಿಲು ದಾಟಿದ ಕೂಡಲೇ ಕಾಲ ಬುಡದಲ್ಲಿ ಹಳ್ಳದಂತೆ ತೆರೆದುಕೊಳ್ಳುತ್ತದೆ. ನಾನು ಓದಲು ಬಂದ ವರ್ಷ ಇಲ್ಲಿ ನನಗೆ ಗೊತ್ತಿದ್ದವರು ಇಬ್ಬರೇ. ಮೊದಲ ಶನಿವಾರ ಆ ಹಳ್ಳಕ್ಕೆ ಇಳಿದೆ. ಲಕ್ಷ ಜನ ಒಂದೇ ಹಾಡು ಹಾಡುತ್ತಿದ್ದರು. ಪದ ಬಾರದಿದ್ದರೂ ಎದ್ದು ನಿಂತೆ. ಪರಊರು ಎಂಬ ಭಾವನೆ ಅವತ್ತು ಹೋಯಿತು.

ನೊವೈ ಅಮ್ಮ

ನಾನು ಇಲ್ಲಿ ಓದುತ್ತೇನೆ, ಬರೆಯುವುದಿಲ್ಲ. ಇವತ್ತು ಬರೆಯಬೇಕೆನ್ನಿಸಿತು. ಉಳಿದವರು ಗೆಲ್ಲುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದೀರಿ. ಉಳಿಯಲು ಜಾಗ ಕೊಟ್ಟರಲ್ಲವೇ?

ನನ್ನ ಮಗ ಹನ್ನೆರಡನೆಯ ತರಗತಿ. ಶಾಲಾ ತಂಡದಲ್ಲಿ ಲಾಂಗ್ ಸ್ನ್ಯಾಪರ್. ಪಂಟ್ ಮಾಡುವಾಗ ಬಗ್ಗಿ, ಕಾಲುಗಳ ನಡುವಿನಿಂದ ಹದಿನೈದು ಗಜ ಹಿಂದಕ್ಕೆ ಚೆಂಡನ್ನು ನೇರವಾಗಿ ಎಸೆಯುವವನು. ಸರಿಯಾಗಿ ಮಾಡಿದರೆ ಯಾರೂ ಅವನ ಹೆಸರು ಹೇಳುವುದಿಲ್ಲ. ಒಮ್ಮೆ ತಪ್ಪಿದರೆ ಎಲ್ಲರೂ ಹೇಳುತ್ತಾರೆ. ಐದು ವರ್ಷದಿಂದ ಹಿತ್ತಲಲ್ಲಿ, ಚಳಿಗಾಲದಲ್ಲಿ ಗ್ಯಾರೇಜಿನಲ್ಲಿ ಅಭ್ಯಾಸ ಮಾಡಿದ್ದಾನೆ. ಅವರಪ್ಪ ಹಳೆಯ ಹಾಸಿಗೆಯೊಂದನ್ನು ಗೋಡೆಗೆ ಒರಗಿಸಿ ನಡುವೆ ವೃತ್ತ ಬರೆದುಕೊಟ್ಟಿದ್ದಾರೆ. ಅವನಿಗೆ ಒಂದೂ ನಕ್ಷತ್ರವಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ದೊಡ್ಡ ವಿಶ್ವವಿದ್ಯಾಲಯದವರು ವಿದ್ಯಾರ್ಥಿವೇತನವಿಲ್ಲದೆ ತಂಡಕ್ಕೆ ಸೇರಿಸಿಕೊಳ್ಳುವುದಾಗಿ ಹೇಳಿದ್ದರು. ಹೆಸರು ಹೇಳುವುದಿಲ್ಲ. ಹೊಸ ಒಪ್ಪಂದದ ಪ್ರಕಾರ ಫುಟ್‌ಬಾಲ್ ತಂಡದಲ್ಲಿ 105 ಜನಕ್ಕಿಂತ ಹೆಚ್ಚು ಇರುವಂತಿಲ್ಲ. ಮೊದಲು ವಿದ್ಯಾರ್ಥಿವೇತನ 85 ಜನರಿಗೆ ಇತ್ತು, ಅದರ ಮೇಲೆ ಇಂಥ ಹುಡುಗರನ್ನು ಎಷ್ಟು ಬೇಕಾದರೂ ಸೇರಿಸಿಕೊಳ್ಳುತ್ತಿದ್ದರು. ನ್ಯಾಯಾಧೀಶರು ಹಠ ಹಿಡಿದದ್ದರಿಂದ ಆಗಲೇ ತಂಡದಲ್ಲಿದ್ದ ಮಕ್ಕಳಿಗೆ ವಿನಾಯಿತಿ ಸಿಕ್ಕಿತು. ನನ್ನ ಮಗನ ತರಗತಿಗೆ ಅದು ಅನ್ವಯಿಸುವುದಿಲ್ಲ. ಜನವರಿಯಲ್ಲಿ ಪೋರ್ಟಲ್ ಮುಚ್ಚಿದ ಮೇಲೆ ಅವರಿಂದ ಕರೆ ಬಂತು: ಜಾಗ ಖಚಿತವಿಲ್ಲ, ಆಗಸ್ಟ್‌ನಲ್ಲಿ ಬಂದು ಪರೀಕ್ಷೆ ಕೊಡಲಿ, ನೋಡೋಣ. ಅನುಭವವಿರುವ ಸ್ನ್ಯಾಪರ್ ಒಬ್ಬನನ್ನು ಬೇರೆ ಕಾಲೇಜಿನಿಂದ ತಂದಿದ್ದಾರೆ.

ಇನ್ನೊಂದು ಕಡೆ, ಇದೇ ರಾಜ್ಯದ ಮೂರನೆಯ ವಿಭಾಗದ ಸಣ್ಣ ಕಾಲೇಜೊಂದು ಬಾ ಎನ್ನುತ್ತಿದೆ. ಅಲ್ಲಿ ಕ್ರೀಡೆಗೆ ವಿದ್ಯಾರ್ಥಿವೇತನವೇ ಇಲ್ಲ, ಓದಿನ ಮೇಲೆ ಸ್ವಲ್ಪ ರಿಯಾಯಿತಿ ಕೊಡುತ್ತಾರೆ. ಮೇ 1ರೊಳಗೆ ಉತ್ತರ ಹೇಳಬೇಕು. ಮಗ ದೊಡ್ಡ ಕ್ರೀಡಾಂಗಣದ ಕನಸು ಬಿಡಲಾರ. ಆಟ ಬಲ್ಲವರು ನೀವು, ಏನು ಹೇಳುತ್ತೀರಿ?

ಹಸಿರು ಬಿಳಿ, ಈಸ್ಟ್ ಲ್ಯಾನ್ಸಿಂಗ್

ಅಕ್ಕ, ನಾನಾಗಿದ್ದರೆ ಆಗಸ್ಟ್ ಪರೀಕ್ಷೆಗೆ ಹೋಗು ಎನ್ನುತ್ತಿದ್ದೆ. ಹದಿನೆಂಟನೆಯ ವಯಸ್ಸು ಮತ್ತೆ ಬರುವುದಿಲ್ಲ. ಜೆ.ಜೆ. ವಾಟ್ ಸೆಂಟ್ರಲ್ ಮಿಶಿಗನ್‌ನಲ್ಲಿದ್ದ ವಿದ್ಯಾರ್ಥಿವೇತನ ಬಿಟ್ಟು ವಿಸ್ಕಾನ್ಸಿನ್‌ಗೆ ಬರಿಗೈಯಲ್ಲಿ ಹೋಗಿ ಜಾಗ ಗೆದ್ದವನು. ಬೇಕರ್ ಮೇಫೀಲ್ಡ್ ಒಕ್ಲಹೋಮಕ್ಕೆ ಆಹ್ವಾನವಿಲ್ಲದೆ ಬಂದು ಹೈಸ್‌ಮನ್ ಗೆದ್ದ.

ಅಂಕಿಅಂಶದವನು, ಷಿಕಾಗೊ

ಅವರು ಸೇರಿದ ಕಾಲದಲ್ಲಿ ತಂಡಕ್ಕೆ 105ರ ಬೇಲಿ ಇರಲಿಲ್ಲ. ಆ ಉದಾಹರಣೆಗಳನ್ನು ನಂಬಿ ಹುಡುಗನನ್ನು ಕಳುಹಿಸಬೇಡಿ. ಸ್ನ್ಯಾಪರ್‌ಗೆ ಒಂದು ತಂಡದಲ್ಲಿ ಒಂದು ಜಾಗ, ಹೆಚ್ಚೆಂದರೆ ಎರಡು. ಮೇಡಂ, ಆ ಸಣ್ಣ ಕಾಲೇಜಿನವರನ್ನು ನೇರವಾಗಿ ಕೇಳಿ: ಈಗಿರುವ ಸ್ನ್ಯಾಪರ್ ಯಾವ ವರ್ಷದವನು, ಈ ವರ್ಷ ಇನ್ನೆಷ್ಟು ಜನರನ್ನು ಕರೆದಿದ್ದೀರಿ. ದೊಡ್ಡ ವಿಶ್ವವಿದ್ಯಾಲಯದವರನ್ನೂ ಅದೇ ಪ್ರಶ್ನೆ ಕೇಳಿ. ಯಾರು ತಡವರಿಸದೆ ಉತ್ತರ ಕೊಡುತ್ತಾರೋ ನೋಡಿ.

ಹಳದಿ ನೀಲಿ, ಆನ್ ಆರ್ಬರ್

ಮೇಡಂ, ನಿಮ್ಮ ಪ್ರಶ್ನೆ ಓದಿ ಎರಡು ದಿನ ಉತ್ತರ ಬರೆಯಲಾಗಲಿಲ್ಲ. ಉಳಿಯುವುದು ಹುಡುಗನ ಗುಣ ಎಂಬಂತೆ ನಾನು ಬರೆದಿದ್ದೆ. ಉಳಿಸಿಕೊಳ್ಳುವುದು ವಿಶ್ವವಿದ್ಯಾಲಯದ ಕರ್ತವ್ಯ ಎಂಬುದನ್ನು ಬರೆದಿರಲಿಲ್ಲ.

ನಮ್ಮಲ್ಲಿ ಗ್ಲ್ಯಾಸ್ಗೋ ಎಂಬ ಮೂವರು ಅಣ್ಣ ತಮ್ಮಂದಿರಿದ್ದರು: ಗ್ರಹಾಂ, ರಯಾನ್, ಜಾರ್ಡನ್. ಮೂವರೂ ವಿದ್ಯಾರ್ಥಿವೇತನವಿಲ್ಲದೆ ಮಿಶಿಗನ್‌ಗೆ ಸೇರಿದವರು. 2016, 2017, 2020ರಲ್ಲಿ ಮೂವರೂ ಎನ್‌ಎಫ್‌ಎಲ್ ತಂಡಗಳಿಗೆ ಆಯ್ಕೆಯಾದರು. ಮಿಶಿಗನ್ ಅಂಥವರಿಂದಲೇ ಮಿಶಿಗನ್ ಆದದ್ದು ಎಂದು ನಾನು ನಂಬುತ್ತೇನೆ. ಹೊಸ ನಿಯಮದಲ್ಲಿ ನಾಲ್ಕನೆಯ ಗ್ಲ್ಯಾಸ್ಗೋ ಬಾಗಿಲು ತಟ್ಟಿದರೆ ತೆರೆಯುವವರು ಯಾರು? ಆಟಗಾರರಿಗೆ ಹಣ ಸಿಗಬೇಕು ಎನ್ನುವವರಲ್ಲಿ ನಾನೂ ಒಬ್ಬ. ಅವರ ಬೆವರಿನಿಂದ ಎಲ್ಲರೂ ಶ್ರೀಮಂತರಾದಾಗ ಅವರಿಗೇ ಇಲ್ಲವೆನ್ನುವುದು ಅನ್ಯಾಯವಾಗಿತ್ತು. ಆದರೆ ಹಣವನ್ನೇ ಕೇಳದೆ ಆಡಲು ಬರುವ ಹುಡುಗನನ್ನು ಲೆಕ್ಕದ ಹೆಸರಿನಲ್ಲಿ ಹೊರಗಿಡುವುದು ಇನ್ನೊಂದು ಅನ್ಯಾಯ. 105 ಎಂಬ ಮಿತಿ ಹಣ ಪಡೆಯುವವರಿಗೆ ಇರಲಿ, ಬರಿಗೈಯಲ್ಲಿ ಬರುವವರಿಗೆ ಬೇಡ.

ನಿಮ್ಮ ಮಗನ ವಿಷಯದಲ್ಲಿ ನನ್ನ ಅನಿಸಿಕೆ: ಯಾರು ಅವನ ಹೆಸರು ಹಿಡಿದು ಕರೆಯುತ್ತಿದ್ದಾರೋ ಅಲ್ಲಿಗೆ ಹೋಗಲಿ.

ಕೊಲಂಬಸ್ ಕನ್ನಡಿಗ

ಆ ಕಾಲೇಜಿನ ಅಭ್ಯಾಸವನ್ನು ಒಂದು ದಿನ ಹುಡುಗ ಕಣ್ಣಾರೆ ನೋಡಲಿ ಅಕ್ಕ. ಈಗ ವಸಂತಕಾಲದ ಅಭ್ಯಾಸ ನಡೆಯುತ್ತಿರುತ್ತದೆ. ಬೆಂಚಿನ ಮೇಲೆ ಕುಳಿತವರನ್ನು ಕೋಚ್ ಹೇಗೆ ಮಾತನಾಡಿಸುತ್ತಾರೆ ಎಂಬುದನ್ನು ಗಮನಿಸಲು ಹೇಳಿ.

ನೊವೈ ಅಮ್ಮ

ಎಲ್ಲರಿಗೂ ವಂದನೆಗಳು. ನೀವು ಹೇಳಿದಂತೆ ಎರಡೂ ಕಡೆ ಕೇಳಿದೆವು. ದೊಡ್ಡವರಿಂದ ಇನ್ನೂ ಉತ್ತರ ಬಂದಿಲ್ಲ. ಸಣ್ಣ ಕಾಲೇಜಿನವರ ಸ್ನ್ಯಾಪರ್ ಕೊನೆಯ ವರ್ಷ ಮುಗಿಸಿದ್ದಾನೆ, ಬೇರೆ ಯಾರನ್ನೂ ಕರೆದಿಲ್ಲವಂತೆ. ಶನಿವಾರ ಹೋಗಿ ಬಂದೆವು. ಅಭ್ಯಾಸ ಮುಗಿದ ಮೇಲೆ ಆ ಹೊರಟುಹೋಗುವ ಹುಡುಗನೇ ನನ್ನ ಮಗನನ್ನು ಪಕ್ಕಕ್ಕೆ ಕರೆದು, ಇಬ್ಬರೂ ಮುಕ್ಕಾಲು ಗಂಟೆ ಚೆಂಡು ಎಸೆದರು. ವಾಪಸ್ ಬರುವಾಗ ಕಾರಿನಲ್ಲಿ ಇವನು ಏನೂ ಮಾತನಾಡಲಿಲ್ಲ. ಮನೆಗೆ ಬಂದು ಗ್ಯಾರೇಜಿಗೆ ಹೋಗಿ, ಆ ಹಾಸಿಗೆಯ ಮೇಲಿನ ವೃತ್ತವನ್ನು ಅಳಿಸಿ ಇನ್ನೂ ಚಿಕ್ಕದು ಬರೆದ. ಆಮೇಲೆ ಒಳಗೆ ಬಂದು, ಅಲ್ಲಿಗೇ ಹೋಗುತ್ತೇನೆ ಎಂದ.

ಕೊಲಂಬಸ್ ಕನ್ನಡಿಗ

ಮೊದಲ ಪಂದ್ಯ ಯಾವಾಗ ಎಂದು ಇಲ್ಲಿ ಹಾಕಿ ಅಕ್ಕ. ಮೂರೂವರೆ ಗಂಟೆಯ ದಾರಿಯಾದರೂ ಬರುತ್ತೇವೆ. ಕೆಂಪು ಅಂಗಿ ಹಾಕಿಕೊಂಡು ಬರುವುದಿಲ್ಲ, ಮಾತು ಕೊಡುತ್ತೇನೆ.

ನೊವೈ ಅಮ್ಮ

ಸೆಪ್ಟೆಂಬರ್‌ನ ಮೊದಲ ಶನಿವಾರ, ಮಧ್ಯಾಹ್ನ ಒಂದು ಗಂಟೆ. ಕುಳಿತುಕೊಳ್ಳಲು ಬರೀ ಅಲ್ಯೂಮಿನಿಯಂ ಹಲಗೆಗಳು, ದಿಂಬು ತನ್ನಿ. ಚಿತ್ರಾನ್ನ, ಮೊಸರನ್ನ ನಾನು ತರುತ್ತೇನೆ.